ಒಲೆಗಳ ಲೆಕ್ಕದ ಊರು

ನೆನೆಸಿದ ಅವರೆಕಾಳನ್ನು ಹಿತುಕುತ್ತ ಕುಳಿತಿದ್ದೆ. ಸೊಗಡು ಬೆರಳಿಗೆಲ್ಲ ಮೆತ್ತಿಕೊಂಡಿತ್ತು. ಆ ವಾಸನೆ ಮೂಗಿಗೆ ಬಿದ್ದರೆ ಹಿರಿಯೂರಿನ ಈ ಅಡುಗೆಮನೆ ಮರೆತುಹೋಗಿ, ನಾನು ಹುಟ್ಟಿದ ಬಂಡೆಪೇಟೆಯಲ್ಲಿ ನೆರೆಯ ತಿಪ್ಪಕ್ಕನ ಜಗಲಿಯ ಮೇಲೆ ಕುಳಿತಂತಾಗುತ್ತದೆ. ಅಷ್ಟರಲ್ಲಿ ಫೋನ್ ಬಂತು. ಕೈಯ ಹಿಂಬದಿಯಿಂದ ಒತ್ತಿದೆ. ನನ್ನ ತಮ್ಮ ದಸ್ತಗೀರ. ಅವನಿಗೆ ದುರ್ಗದಲ್ಲಿ ಹಾಸಿಗೆ ದಿಂಬಿನ ಅಂಗಡಿ ಇದೆ.

"ಅಕ್ಕ, ನಮ್ಮ ಪ್ಯಾಟೆ ಹೆಸರು ಹೋತು ನೋಡು."

"ಎಲ್ಲಿಗೆ ಹೋತೋ?"

"ಊರಾಗೆ ಸೇರಿಸಿದ್ರು. ಇನ್ನ ಮ್ಯಾಲೆ ಬರೇ ವಾರ್ಡ್ ನಂಬರು. ರಸ್ತೆ ಬದಿ ಬೋರ್ಡು ಕಿತ್ತು ಹಾಕ್ಯಾರೆ. ಚರಂಡಿ ಮಾಡ್ತಾರಂತೆ ಬಿಡು, ಹೆಸರು ಕಟ್ಕಂಡು ಏನು ಮಾಡಾಣ."

ಪೇಟೆ ಅನ್ನುವ ಮಾತು ಅದಕ್ಕೆ ದೊಡ್ಡದೇ. ದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಸಿಗುತ್ತಿದ್ದ ಒಂದು ಬೀದಿ, ಒಂದು ಹಿಟ್ಟಿನ ಗಿರಣಿ, ಕೈ ಅಡ್ಡ ಹಾಕಿದರೆ ಮಾತ್ರ ನಿಲ್ಲುವ ಬಸ್ಸು. ಮೊದಲು ಬಂದವರು ಕಲ್ಲು ಒಡೆಯುವವರು. ಕೋಟೆಗೆ ಕಲ್ಲು ಕೊಟ್ಟವರು ನಮ್ಮ ಹಿರಿಯರೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅಲ್ಲವೆನ್ನಲು ಯಾರೂ ಇರಲಿಲ್ಲ. ಅವರ ಹಿಂದೆ ಕುರಿ ಸಾಕುವವರು ಬಂದರು. ಆಮೇಲೆ ನಮ್ಮ ಮುತ್ತಜ್ಜ, ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತುಕೊಂಡು. ನಾವು ಪಿಂಜಾರರು. ಮನೆಯ ಮಾತು ಕನ್ನಡ, ನಮಾಜಿನ ಮಾತು ಅರಬ್ಬಿ. ಕಲ್ಲಿನವರಿಗೆ ಹಾಸಿಗೆ ಬೇಕಿತ್ತು, ನಮಗೆ ಗೋಡೆ ಬೇಕಿತ್ತು. ಹಾಗೆ ಊರಾಯಿತು.

ಎಷ್ಟು ಜನ ಇದ್ದೆವು ಎಂದು ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ. ನಮ್ಮಲ್ಲಿ ತಲೆ ಎಣಿಸುತ್ತಿರಲಿಲ್ಲ. ಎಣಿಸಿದರೆ ಕಣ್ಣು ತಾಗುತ್ತದೆ ಎಂಬ ಭಯ ಕಲ್ಲಿನವರಿಗೂ ಇತ್ತು, ನಮಗೂ ಇತ್ತು. ಒಲೆ ಎಣಿಸುತ್ತಿದ್ದೆವು. ಮದುವೆಯ ಊಟಕ್ಕೆ ಹೇಳುವುದಾದರೂ ಒಲೆಯ ಲೆಕ್ಕ, ಪೀರರ ಹರಕೆಯ ಕಂದೂರಿಯ ಮಾಂಸ ಹಂಚುವುದಾದರೂ ಒಲೆಯ ಲೆಕ್ಕ. ಮಕ್ಕಳು ಮಾತ್ರ ಯಾವ ಒಲೆಗೂ ಸೇರಿದವರಲ್ಲ. ಹಸಿವಾದಾಗ ಹತ್ತಿರ ಯಾವ ಮನೆ ಇದೆಯೋ ಅಲ್ಲಿ ಉಣ್ಣುವುದು, ಕಣ್ಣು ಎಳೆದಲ್ಲಿ ಮಲಗುವುದು. ನನ್ನ ಜಡೆಯನ್ನು ಅಮ್ಮನಿಗಿಂತ ಹೆಚ್ಚು ಸಲ ಹಾಕಿದವಳು ಕಲ್ಲಿನವರ ತಿಪ್ಪಕ್ಕ. ಅವಳ ಕೈಯಲ್ಲಿ ಹೊಗೆಯ, ಹರಳೆಣ್ಣೆಯ, ಅವರೆ ಸೊಗಡಿನ ವಾಸನೆ ಇರುತ್ತಿತ್ತು. ಜಡೆ ಬಿಗಿಯಾಯಿತು ಅಂದರೆ ತಲೆಗೊಂದು ಮೊಟಕುತ್ತಿದ್ದಳು.

ಬೀದಿಯ ಹಿಂದೆಯೇ ಕಲ್ಲು ಕ್ವಾರಿ. ಬಂಡೆ ಸಿಡಿಸಲು ಮದ್ದು ಇಡುವ ದಿನ ಕೆಂಪು ಬಾವುಟ ಏರುತ್ತಿತ್ತು. ಕೆಲಸ ಹೇಗಿದೆಯೋ ಹಾಗೇ ಬಿಟ್ಟು ನಾವೆಲ್ಲ ರಸ್ತೆಯಾಚೆಯ ದೊಡ್ಡ ಬಂಡೆಯ ಹಿಂದೆ ಹೋಗಿ ನಿಲ್ಲಬೇಕು. ಬತ್ತಿಗೆ ಬೆಂಕಿ ಕೊಡುವವನು ತಿಪ್ಪಕ್ಕನ ಗಂಡ ಹನುಮಣ್ಣ. ಅದಕ್ಕೆ ಮೊದಲು ತಿಪ್ಪಕ್ಕ ಬಂಡೆಯ ಮುಂದೆ ನಿಂತು ಒಂದೊಂದೇ ಒಲೆಯ ಹೆಸರು ಕೂಗುತ್ತಿದ್ದಳು. ಆ ಮನೆಯ ಹೆಂಗಸು "ಅದೀವಿ" ಅನ್ನಬೇಕು. ಎಲ್ಲರೂ ಅಂದ ಮೇಲೆ ಅವಳು ಸೆರಗು ಬೀಸಿದರೆ ಹನುಮಣ್ಣ ಸೀಟಿ ಊದಿ ಬತ್ತಿ ಹಚ್ಚುತ್ತಿದ್ದ. ಮಕ್ಕಳಾದ ನಮಗೆ ಅದೇ ಆಟ. ಬಾವುಟ ಇಲ್ಲದ ದಿನವೂ ಬೀದಿಯಲ್ಲಿ ಒಬ್ಬರು ಕೂಗುವುದು, ಉಳಿದವರು "ಅದೀವಿ" ಎಂದು ಓಡುವುದು.

ನಾನು ಎರಡನೇ ಕ್ಲಾಸಿನಲ್ಲಿದ್ದೆ. ದಸ್ತಗೀರನಿಗೆ ಆಗಷ್ಟೇ ಮಾತು ಬಂದಿತ್ತು. ಆ ಬೆಳಿಗ್ಗೆ ಅವನು ತಿಪ್ಪಕ್ಕನ ಮನೆಯಲ್ಲಿ ರೊಟ್ಟಿ ತಿಂದಿದ್ದ. ತಿಪ್ಪಕ್ಕ "ಹುಸೇನಮ್ಮನ ಒಲೇ" ಎಂದು ಕೂಗಿದಾಗ ಅಮ್ಮ "ಅದೀವಿ" ಅಂದಳು, ಮಗ ತಿಪ್ಪಕ್ಕನ ಮನೆಯವರ ಜೊತೆ ಇದ್ದಾನೆಂದು. ತಿಪ್ಪಕ್ಕನ ಸೊಸೆಯೂ "ಅದೀವಿ" ಅಂದಳು, ಹುಡುಗ ಅವ್ವನ ಹತ್ತಿರ ಹೋದನೆಂದು. ಸೆರಗು ಬೀಸಿತು, ಸೀಟಿ ಆಯಿತು. ಹನುಮಣ್ಣ ಓಡುತ್ತ ಬಂದು ಬಂಡೆಯ ಮರೆ ಸೇರಿದ. ಆಗ ಅಮ್ಮ ಸುಮ್ಮನೆ, ಮಾತಿಗೆ ಮಾತು ಅನ್ನುವಂತೆ, "ದಸ್ತಗೀರ ಎಲ್ಲವ್ನೆ?" ಅಂದಳು.

ತಿಪ್ಪಕ್ಕನ ಸೊಸೆ ಅಮ್ಮನ ಮಗ್ಗುಲು ನೋಡಿದಳು, ಅಲ್ಲಿ ನಾನೊಬ್ಬಳೇ ಇದ್ದೆ.

ಅಮ್ಮ ಓಡಲು ಎದ್ದಳು. ತಿಪ್ಪಕ್ಕ ಹಿಂದಿನಿಂದ ಅವಳ ಸೊಂಟ ಹಿಡಿದು ನೆಲಕ್ಕೆ ಕೂರಿಸಿದಳು. "ಬಿಡೇ, ನನ್ ಕೂಸು" ಎಂದು ಅಮ್ಮ ಅವಳ ತೋಳನ್ನು ಕಚ್ಚಿದಳು. "ಕಚ್ಚು. ಬಿಡಲ್ಲ ಕಣೆ" ಅಂದಳು ತಿಪ್ಪಕ್ಕ. ಮದ್ದು ತುಂಬಿದ ಮೊದಲ ಕುಳಿ ಸಿಡಿಯಿತು. ನೆಲ ಒಳಗಿನಿಂದ ಒದ್ದಂತಾಯಿತು. ಅಪ್ಪ ಕಣ್ಣು ಮುಚ್ಚಿ ಕಲಿಮಾ ಹೇಳುತ್ತಿದ್ದ, ಪಕ್ಕದಲ್ಲಿ ಕುರಿಯವರ ಅಜ್ಜ ತನ್ನ ದೇವರು ತಿಪ್ಪೇಸ್ವಾಮಿಯನ್ನು ಕರೆಯುತ್ತಿದ್ದ. ಹನುಮಣ್ಣ ಪ್ರತಿ ಸದ್ದಿಗೆ ಒಂದೊಂದು ಬೆರಳು ಮಡಚುತ್ತಿದ್ದ. ಹೆಂಚಿನ ಮೇಲೆ ಚೂರು ಕಲ್ಲು ಬೀಳುವುದು ಕೇಳಿಸುತ್ತಿತ್ತು. ಆಮೇಲೆ ಎಲ್ಲ ನಿಂತಿತು. ಹನುಮಣ್ಣನ ಕೈಯಲ್ಲಿ ಒಂದು ಬೆರಳು ಇನ್ನೂ ನಿಂತೇ ಇತ್ತು.

"ಯಾರೂ ಅಲ್ಲಾಡಬ್ಯಾಡ್ರಿ. ಇನ್ನೊಂದು ಐತೆ" ಅಂದ.

ಆ ಮೌನದಲ್ಲಿ ನಮ್ಮ ಮನೆಯ ಬಾಗಿಲಿಂದ ದಸ್ತಗೀರ ಹೊರಬಂದ. ಹಿಂಜಿದ ಹತ್ತಿಯ ರಾಶಿಯ ಹಿಂದೆ ಮಲಗಿದ್ದವನು ಸದ್ದಿಗೆ ಎದ್ದಿದ್ದ. ತಲೆ, ಹುಬ್ಬು ಎಲ್ಲ ಹತ್ತಿ ಮೆತ್ತಿ ಮುದುಕನ ಹಾಗೆ ಕಾಣುತ್ತಿದ್ದ. ಬೀದಿಯ ನಡುವೆ ನಿಂತು ಕ್ವಾರಿಯ ಹೊಗೆ ನೋಡಿದ. ಅತ್ತ ಒಂದು ಹೆಜ್ಜೆಯನ್ನೂ ಇಟ್ಟ. ಅಮ್ಮ ಕಿರುಚಲು ಬಾಯಿ ತೆರೆದಳು. ತಿಪ್ಪಕ್ಕ ಅವಳ ಬಾಯಿ ಮುಚ್ಚಿದಳು. ಕಿರುಚಿದರೆ ಕೂಸು ಹೆದರಿ ಮತ್ತೆ ಮನೆಯೊಳಗೇ ಓಡುತ್ತದೆ, ಮನೆ ಇದ್ದದ್ದು ಕ್ವಾರಿಗೆ ಬೆನ್ನು ಹಚ್ಚಿ. ಅಮ್ಮನನ್ನು ಅಪ್ಪನ ಕೈಗೆ ಕೊಟ್ಟು ಅವಳು ಬಂಡೆಯ ಮರೆ ಬಿಟ್ಟು ಬಯಲಿಗೆ ಬಂದು ನಿಂತಳು. ತೋಳಿನಿಂದ ರಕ್ತ ಇಳಿಯುತ್ತಿತ್ತು. ಯಾವಾಗಲೂ ಕೂಗುವ ಹಾಗೆಯೇ, ದನಿಯನ್ನು ಒಂದಿಷ್ಟೂ ಏರಿಸದೆ ಕೂಗಿದಳು: "ಹುಸೇನಮ್ಮನ ಒಲೇ..."

ಕೂಸು ತಿರುಗಿತು. ಮುಖ ಅರಳಿತು. "ಅದೀವೀ" ಎಂದು ಓಡಿ ಬಂತು, ನಡುವೆ ಒಮ್ಮೆ ಎಡವಿ ಬಿತ್ತು, ಎದ್ದಿತು. ಅವಳು ಅದನ್ನು ಬಾಚಿಕೊಂಡು ಬಂಡೆಯ ಹಿಂದೆ ಕುಕ್ಕರಿಸುವುದಕ್ಕೂ ಕೊನೆಯ ಕುಳಿ ಸಿಡಿಯುವುದಕ್ಕೂ ಸರಿಯಾಯಿತು. ಹನುಮಣ್ಣ ಬೆರಳು ಮಡಚಿದ. ಒಂದು ಕಲ್ಲು ತಿಪ್ಪಕ್ಕನ ಹೆಂಚು ಒಡೆದು ಮುದ್ದೆಯ ಗಡಿಗೆಯ ಮೇಲೆಯೇ ಬಿದ್ದಿತ್ತು. "ಪಿಂಜಾರರ ಕೂಸು ನನ್ನ ಗಡಿಗೆ ತಗಂಡು ಹೋತು ನೋಡ್ರಿ" ಎಂದು ಅವಳು ನಕ್ಕಳು. ಅಮ್ಮ ಅರಿಸಿನ ತಂದು ತೋಳಿಗೆ ಒತ್ತಿದಳು.

ಅಂದಿನಿಂದ ತಿಪ್ಪಕ್ಕ ಒಲೆಯ ಜೊತೆಗೆ ಮಕ್ಕಳ ಹೆಸರನ್ನೂ ಕೂಗತೊಡಗಿದಳು. ಕಣ್ಣು ತಾಗುತ್ತದೆ ಎಂದು ಯಾರೂ ತಡೆಯಲಿಲ್ಲ. ಕೆಲವು ವರ್ಷಕ್ಕೆ ಕ್ವಾರಿ ನಿಂತಿತು, ಕಲ್ಲಿನವರು ಕೆಲಸ ಹುಡುಕಿಕೊಂಡು ಹೊಸದುರ್ಗದ ಕಡೆ ಹೋದರು. ತಿಪ್ಪಕ್ಕ ಅಲ್ಲೇ ಎಲ್ಲೋ ಮಣ್ಣಾದಳಂತೆ. ಸುದ್ದಿ ನಮಗೆ ಮುಟ್ಟಿದ್ದೇ ತಡವಾಗಿ. ನನ್ನ ನಮಾಜಿನ ದುವಾದಲ್ಲಿ ಅವಳ ಹೆಸರು ಇರುತ್ತದೆ. ಯಾವ ದೇವರ ಹತ್ತಿರ ಇದ್ದಾಳೋ, ಅಲ್ಲಿಗೆ ಮುಟ್ಟಲಿ. ನನ್ನ ಊರಿನ ಜನಸಂಖ್ಯೆ ಎಷ್ಟಿತ್ತೋ ಗೊತ್ತಿಲ್ಲ. ಆ ದಿನ ಒಂದು ಕಡಿಮೆಯಾಗಲಿಲ್ಲ, ಅಷ್ಟು ಗೊತ್ತು.

ದಸ್ತಗೀರ ಇನ್ನೂ ಚರಂಡಿಯ ವಿಷಯವನ್ನೇ ಹೇಳುತ್ತಿದ್ದ. ಆ ದಿನದ ನೆನಪು ಅವನಿಗೆ ಏನೂ ಇಲ್ಲ. ಅವನ ದನಿಯನ್ನು ಕೇಳುತ್ತ ಕುಳಿತೆ.

"ಅಕ್ಕ, ಅದೀಯೇನೆ? ಮಾತೇ ಇಲ್ಲ."

"ಕೇಳ್ತಾ ಇದೀನಿ ಕಣೋ. ಊಟ ಆತಾ?"

"ಇಲ್ಲ, ಈಗ ಹೋಗ್ಬೇಕು."

"ಹೋಗು, ಹೊತ್ತಾಯ್ತು" ಅಂದೆ. ಕೈ ತೊಳೆದುಕೊಂಡೆ. ನಲ್ಲಿಯಲ್ಲಿ ನೀರು ಬಂದಿತ್ತು, ಅದೂ ಅಲ್ಲಾಹನ ದಯೆ. ಕೊಡ ಇಟ್ಟು, ತುಂಬುವವರೆಗೆ ಅಂಗಳ ಗುಡಿಸತೊಡಗಿದೆ.