ಹುಳಿ ಬರದ ಹಿಟ್ಟು

ಬಿಜಾಪುರದ ಕಡೆಯಿಂದ ಬಂದು ಸಯನ್ನಿನ ಚಾಳಿನಲ್ಲಿ ನೆಲೆನಿಂತ ಅಂಬವ್ವ ಎಂಥ ನಿಧಾನದ ಹೆಂಗಸೆಂದರೆ, ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಿಗೆ ಅವಳ ಕೊಡ ಸಾಲಿಗೆ ಬರುತ್ತಿತ್ತು. ಯಾರಾದರೂ ನಕ್ಕರೆ, “ತಾಳಿದವ ಬಾಳ್ಯಾನು” ಎಂದು ತಾನೂ ನಗುತ್ತಿದ್ದಳು. ಇಂಥವಳು ಒಂದೇ ಒಂದು ದಿನ ಅವಸರ ಮಾಡಿದಳು. ಆ ದಿನಕ್ಕಾಗಿ ಅವಳಿಗೆ ಕೈಮುಗಿಯಬೇಕು.

ಸತ್ತ ತಂಗಿಯ ಮಗಳು ಚಂದ್ರವ್ವನನ್ನು ಊರ ಕಡೆಯ ವ್ಯಾಪಾರಿಯೊಬ್ಬ “ಸಾಲಿ ಕಲಸ್ತೀವಿ” ಎಂದು ಅಂಧೇರಿಯ ತನ್ನ ಮನೆಗೆ ಕರೆತಂದಿದ್ದ. ಹುಡುಗಿ ಸಾಲೆಯ ಬಾಗಿಲನ್ನೇ ನೋಡಲಿಲ್ಲ. ದಿನವಿಡೀ ಮುಸುರೆ, ಬಟ್ಟೆ, ಕೂಸು. ಮನೆಯವರು ಎಲ್ಲಿಗಾದರೂ ಹೊರಟರೆ ಹೊರಗಿನಿಂದ ಚಿಲಕ. ಅಂಬವ್ವ ಅವಳನ್ನು ಕರೆಯಲು ಹೋದಾಗಲೆಲ್ಲ ಮನೆಯೊಡತಿ, “ಮಗಳ ಮದುವಿ ಮುಗೀಲಿ” ಅನ್ನುವಳು, ಮದುವೆ ಮುಗಿದರೆ, “ಬಾಣಂತನ ಮುಗೀಲಿ.” “ಹೂನ್ರೀ” ಎಂದು ಅಂಬವ್ವ ಬರಿಗೈಯಲ್ಲಿ ಮರಳಿ, ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು.

ಆ ವರ್ಷ ಅವಳು ಸಾರಾಬಾಯಿ ಎಂಬ ಯಹೂದಿ ಮುದುಕಿಯ ಮನೆಗೆಲಸಕ್ಕೆ ಸೇರಿದ್ದಳು. ಮುದುಕಿಯ ಮನೆಮಾತು ಮರಾಠಿ. ಮಕ್ಕಳೆಲ್ಲ ಇಸ್ರೇಲಿಗೆ ಹೋಗಿದ್ದರು. ಅವರ ಪಸ್ಕ ಹಬ್ಬದ ದಿನ ಅಂಬವ್ವ ಗೋದಿ ಹಿಟ್ಟು ನಾದಿ, ರೊಟ್ಟಿ ಮೆತ್ತಗಾಗಲೆಂಬ ಅಕ್ಕರೆಯಿಂದ ಒದ್ದೆ ಬಟ್ಟೆ ಮುಚ್ಚಿಟ್ಟು ಪಾತ್ರೆ ತೊಳೆಯಲು ಹೋದಳು. ಬಂದು ನೋಡಿದರೆ ಸಾರಾಬಾಯಿ ಅಷ್ಟೂ ಹಿಟ್ಟನ್ನು ಬೀದಿಯ ಹಸುವಿಗೆ ಹಾಕುತ್ತಿದ್ದಾಳೆ! ಅಂಬವ್ವನ ಮುಖ ಸಣ್ಣದಾಯಿತು.

ಮುದುಕಿ ಅವಳನ್ನು ಕೂರಿಸಿಕೊಂಡು, ಯಹೂದಿಗಳೂ ಕ್ರೈಸ್ತರೂ ಓದುವ ಗ್ರಂಥದ ಕಥೆ ಹೇಳಿದಳು. ತನ್ನ ಪೂರ್ವಿಕರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಇಟ್ಟಿಗೆ ಮಾಡುವ ಗುಲಾಮರಾಗಿದ್ದರು. ಅಲ್ಲಿನ ರಾಜ ಬಿಡುತ್ತೇನೆ ಅನ್ನುವನು, ಮತ್ತೆ ಬಿಡೆನೆನ್ನುವನು. ಕೊನೆಗೊಮ್ಮೆ ಹೋಗಿ ಎಂದಾಗ ಅವರು ಹುಳಿ ಬರದ ಹಿಟ್ಟನ್ನೇ ಹೆಗಲಿಗೇರಿಸಿ ಹೊರಟುಬಿಟ್ಟರು. ಅದಕ್ಕೇ ಈ ಹಬ್ಬದಲ್ಲಿ ನಾದಿದ ಹಿಟ್ಟನ್ನು ಇಟ್ಟು ಕಾಯುವಂತಿಲ್ಲ.

“ಹುಳಿ ಬರೂತನಕ ಕಾದಿದ್ರ?”

“ರಾಜ ಮತ್ತೆ ಮಾತು ಬದಲಿಸುತ್ತಿದ್ದ” ಎಂದಳು ಸಾರಾಬಾಯಿ ಮರಾಠಿಯಲ್ಲಿ.

ಅಂಬವ್ವ ಹೊಸದಾಗಿ ಹಿಟ್ಟು ನಾದಿ, ಆಗಲೇ ತಟ್ಟಿ ಬೇಯಿಸಿ, ಊಟವನ್ನೂ ಮಾಡದೆ ಅಂಧೇರಿಗೆ ಹೊರಟಳು.

ಮನೆಯೊಡತಿ ನಕ್ಕಳು. “ಅವಸರ ಏನವಾ? ಕೂಸಿಗೆ ಹೆಸರಿಡೂದು ಮುಗೀಲಿ. ನಾನಾ ಕಳಸ್ತೀನಿ.”

“ಇಲ್ರೀ. ಚಂದ್ರಾ, ನಡಿ.”

ಹುಡುಗಿ ಗಾಬರಿಯಾದಳು. “ದೊಡ್ಡವ್ವಾ, ನನ್ನ ಅರಿವಿ ಒಳಗದಾವು.”

“ಇರಲಿ.”

“ಒಲೀ ಮ್ಯಾಲ ಹಾಲು ಐತಿ!”

“ಉಕ್ಕಲಿ ಬಿಡು.”

ಒಡತಿ ಪೊಲೀಸರ ಹೆಸರೆತ್ತಿದಳು. ಅಂಬವ್ವ ಅಲ್ಲಿಂದ ಕದಲಲಿಲ್ಲ. “ಕರೀರಿ. ಹುಡುಗೀನ ಒಳಗ ಹಾಕಿ ಹೊರಗ ಚಿಲಕಾ ಯಾಕ ಹಾಕತಿದ್ರಿ ಅಂತ ಅವರೂ ಕೇಳಲಿ.” ಒಡತಿ ಬಾಗಿಲು ಬಿಟ್ಟು ಸರಿದಳು. ಅಂಬವ್ವ ಹುಡುಗಿಯ ಕೈ ಹಿಡಿದವಳು ಲೋಕಲ್ ಹೊರಟಮೇಲೂ ಬಿಡಲಿಲ್ಲ, ದಾದರಿನಲ್ಲಿ ಗಾಡಿ ಬದಲಿಸುವಾಗಲೂ ಬಿಡಲಿಲ್ಲ.

ಸಂಜೆ ಸಾರಾಬಾಯಿ ಇಬ್ಬರನ್ನೂ ತನ್ನ ಪಕ್ಕದಲ್ಲೇ ಊಟಕ್ಕೆ ಕೂರಿಸಿದಳು. ಈ ಹಬ್ಬದಲ್ಲಿ ಮನೆಯ ಎಲ್ಲರಿಗಿಂತ ಚಿಕ್ಕವರು ಪ್ರಶ್ನೆ ಕೇಳಬೇಕು, ಹಿರಿಯರು ಕಥೆ ಹೇಳಬೇಕು. ಮಕ್ಕಳು ಹೋದಮೇಲೆ ಆ ಮನೆಯಲ್ಲಿ ಕೇಳುವವರೇ ಇರಲಿಲ್ಲ. ಅವಳು ಚಂದ್ರವ್ವನಿಗೆ, ಕೇಳು ಎಂದು ಸನ್ನೆ ಮಾಡಿದಳು.

ಏನನ್ನಾದರೂ ಕೇಳಿ ಹುಡುಗಿಗೆ ಅಭ್ಯಾಸ ತಪ್ಪಿತ್ತು. ಕೊನೆಗೆ ರೊಟ್ಟಿ ಮುರಿದು ನೋಡಿ, “ಇದ್ಯಾಕ ಇಷ್ಟ ಬಿರುಸು ಐತಿ?” ಎಂದಳು.

ಸಾರಾಬಾಯಿ ಬಾಯಿ ತೆರೆಯುವ ಮೊದಲೇ ಅಂಬವ್ವ ಹೇಳಿಬಿಟ್ಟಳು: “ಇನ್ನ ಕಾಯೂದು ಬ್ಯಾಡ ಅಂತ ಬಂದ್ವಿ ನೋಡು ಮಗಳ, ಅದಕ್ಕ.”