ಒಂದಕ್ಷರದ ಅಪ್ಪ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಸೀಲಿನ ನೇರಳೆ ಮಸಿ ಅಂಟಿಯೇ ಇರುತ್ತಿತ್ತು. ಎಷ್ಟು ಉಜ್ಜಿದರೂ ಅದು ಹೋಗದ್ದರಿಂದ, ಮಧ್ಯಾಹ್ನದ ಚಿತ್ರಾನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದರು.

ಮೈಸೂರಿನ ಒಂದು ವಿಶ್ವವಿದ್ಯಾನಿಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಅವರು ಸೂಪರಿಂಟೆಂಡೆಂಟ್. ನಾನು ಅವರ ಕೈಕೆಳಗಿನ ಗುಮಾಸ್ತ. ಹೊರದೇಶಗಳ ಜೊತೆ ಒಪ್ಪಂದ, ಬಾವುಟ, ಫೋಟೊ ಎಲ್ಲ ಮೇಲಿನ ಮಹಡಿಯಲ್ಲಿ ನಡೆಯುತ್ತಿತ್ತು. ಬಂದ ಮಕ್ಕಳ ವೀಸಾ, ಹಾಸ್ಟೆಲ್, ಪರೀಕ್ಷೆಯ ಕೆಲಸ ಕೆಳಗೆ ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿತ್ತು. "ಮಕ್ಕಳು ಓಡಾಡ್ಬಾರ್ದು ಕಣ್ರೀ, ಫೈಲ್ ಓಡಾಡ್ಬೇಕು" ಎನ್ನುತ್ತಿದ್ದರು ಮೇಡಂ.

ಒಂದು ಸಲ ನನ್ನಿಂದಲೇ ದೊಡ್ಡ ತಪ್ಪಾಯಿತು. ಇಥಿಯೋಪಿಯಾದ ಒಬ್ಬ ವಿದ್ಯಾರ್ಥಿನಿಯ ವೀಸಾ ಮುಗಿಯಲು ನಾಲ್ಕೇ ದಿನವಿತ್ತು. ನವೀಕರಣಕ್ಕೆಂದು ನಾನು ಟೈಪ್ ಮಾಡಿಕೊಟ್ಟ ಪ್ರಮಾಣಪತ್ರ ವೀಸಾ ಕಚೇರಿಯಿಂದ ತಿರಸ್ಕೃತವಾಗಿ ಬಂತು. ಸರಿಹೋಗದಿದ್ದರೆ ಕೊನೆಯ ಪರೀಕ್ಷೆ ಬರೆಯದೆ ಅವಳು ಊರಿಗೆ ಮರಳಬೇಕಿತ್ತು.

ಪಾಸ್‌ಪೋರ್ಟಿನಲ್ಲಿ ಅವಳ ಹೆಸರು, ಆಮೇಲೆ ಅಪ್ಪನ ಹೆಸರು ಪೂರ್ತಿಯಾಗಿ ಇತ್ತು. ನಾನು ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಬಿಟ್ಟಿದ್ದೆ, ನಮ್ಮ ಕಡೆ ಎಲ್ಲರಿಗೂ ಮಾಡುವ ಹಾಗೆ.

"ಏನ್ರೀ ಇದು? ಅವರಪ್ಪನ್ನ ಒಂದಕ್ಷರಕ್ಕೆ ಇಳಿಸ್ಬುಟ್ಟಿದೀರಲ್ಲಾ!"

"ನಾವೆಲ್ಲ ಹಂಗೇ ಅಲ್ವಾ ಮೇಡಂ ಬರೆಯೋದು?"

"ನಮ್ಮಪ್ಪನ್ನ ಒಂದಕ್ಷರದಲ್ಲಿ ಬರೆದ್ರೂ ನಮ್ಮೂರು ಇಲವಾಲಕ್ಕೆಲ್ಲ ಗೊತ್ತು. ಇವಳಪ್ಪನ್ನ ಇಲ್ಲಿ ಯಾರ್ ಬಲ್ಲರು?"

ಪತ್ರವನ್ನು ಹೊಸದಾಗಿ ಟೈಪ್ ಮಾಡಿಸಿ, ಫೈಲನ್ನು ಎದೆಗವಚಿಕೊಂಡು ಸಹಿಗಳಿಗಾಗಿ ಅವರೇ ಹೊರಟರು. ನಾನು ಹಿಂದೆ. ಪರೀಕ್ಷಾ ವಿಭಾಗದಲ್ಲಿ "ನಾಳೆ ಬನ್ನಿ ಮೇಡಂ" ಎಂದರು.

"ನಾಳೆವರೆಗೂ ಇಲ್ಲೇ ಕೂತಿರ್ತೀನಿ. ಕಾಫಿ ಕೊಡಿಸ್ತೀರೋ, ಸಹಿ ಹಾಕ್ತೀರೋ?"

ಸಹಿ ಬಿತ್ತು. ಮುಂದಿನ ಸಹಿಗೆ ಹೋದಾಗ ಕುಲಸಚಿವರು, ತಪ್ಪು ಯಾರದು ಎಂದು ಕೇಳಿದರು.

"ನಮ್ಮ ಕಚೇರಿದು ಸಾರ್" ಎಂದರು ಮೇಡಂ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಹೊಸ ಪತ್ರವನ್ನು ಆ ಹುಡುಗಿ ಜೋರಾಗಿ ಓದಿ, ಕಲಿತಷ್ಟು ಕನ್ನಡದಲ್ಲಿ, "ಅಪ್ಪ ಬಂದ್ರು ಮೇಡಂ" ಎಂದಳು. ಪರೀಕ್ಷೆ ಬರೆದಳು, ಪಾಸಾದಳು. ಈಗ ತನ್ನೂರಲ್ಲಿ ಟೀಚರ್.

ಅಂದಿನಿಂದ, ಹೆಸರನ್ನು ಮಕ್ಕಳೇ ಓದಿ ಒಪ್ಪದೆ ನಮ್ಮಲ್ಲಿ ಸೀಲು ಬೀಳುವುದಿಲ್ಲ. ನಾಲ್ಕೂ ವಿಭಾಗದವರು ವಾರಕ್ಕೊಮ್ಮೆ ಒಂದೇ ಮೇಜಿಗೆ ಬಂದು ಕೂರುವಂತೆಯೂ ಮೇಡಂ ಮಾಡಿದರು. ಆ ಮೇಜಿನ ಮುಂದೆ ಈ ವರ್ಷ ಇನ್ನಷ್ಟು ಹೊಸ ಮಕ್ಕಳ ಮುಖಗಳಿವೆ.

ಮೇಡಂ ಮಾತ್ರ ಇಲ್ಲ. ಅವರು ತೀರಿಕೊಂಡಾಗ ಸಂತಾಪ ಸಭೆಯ ಸೂಚನೆ ಟೈಪ್ ಮಾಡುವ ಕೆಲಸ ನನಗೇ ಬಂತು. ಅಷ್ಟು ವರ್ಷ ಜೊತೆಗಿದ್ದೂ ಅವರ ಇನಿಷಿಯಲ್ಲಿನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಇಲವಾಲಕ್ಕೆ ಫೋನ್ ಮಾಡಿ, ಅವರ ತಮ್ಮನನ್ನು ಕೇಳಿ, ಅಪ್ಪನ ಹೆಸರನ್ನು ಪೂರ್ತಿಯಾಗಿ ಬರೆದೆ. ಒಮ್ಮೆ ಜೋರಾಗಿ ಓದಿದೆ. ಆಮೇಲೆ ಸೀಲು ಒತ್ತಿದೆ.