ಸಾಲು ತಪ್ಪಿದ ಬಂದೂಕು

ಸಾಸ್ವೆಹಳ್ಳಿ, ಬೆಳಗಿನ ಹೊತ್ತು. ಹೊನ್ನಾಳಿ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಟಿವಿಯಲ್ಲಿ ಸ್ವಾತಂತ್ರ್ಯ ಹೋರಾಟದ ಸಿನಿಮಾ. ಕುದುರೆಯ ಮೇಲಿದ್ದ ಬಿಳಿಯ ಅಧಿಕಾರಿ ಕೈ ಎತ್ತಿದ. ಸಿಪಾಯಿಗಳು ಹಳ್ಳಿಯ ಜನರತ್ತ ಗುರಿ ಹಿಡಿದರು. ಸಿಪಾಯಿಗಳೆಲ್ಲ ನಮ್ಮವರೇ.

"ಆ ಕೊನೇ ಸಿಪಾಯಿ ನಾನೇ ರೀ," ಎಂದರು ಹೋಟೆಲಿನ ಹಾಲೇಶ್. "ಶೂಟಿಂಗಿಗೆ ನಮ್ಮೂರವರನ್ನೇ ಕರ್ಕೊಂಡಿದ್ರು."

ದಿಟ್ಟಿಸಿ ನೋಡಿದೆ. ಸಾಲಿನಲ್ಲಿ ಅವರ ಬಂದೂಕು ಮಾತ್ರ ಆಕಾಶದ ಕಡೆ ಎದ್ದಿತ್ತು.

"ಎದುರಿಗೆ ಜನದಾಗೆ ನಮ್ಮವ್ವ ನಿಂತಿದ್ಲು. ಡೂಪ್ಲಿಕೇಟ್ ಬಂದೂಕು ಅಂತ ಗೊತ್ತಿತ್ತು, ಆದ್ರೂ ಗುರಿ ಇಡಾಕೆ ಮನಸೇ ಬರ್ಲಿಲ್ಲ. ಡೈರೆಕ್ಟರು ಬೈದೂ ಬೈದೂ ಸಾಕಾಗಿ ಹಂಗೇ ಬಿಟ್ರು."

ತಿನ್ನುತ್ತ ಕೂತವರೆಲ್ಲ ಮೆಚ್ಚಿ ತಲೆದೂಗಿದರು. ನಾನೂ ತೂಗಿದೆ. ಅಷ್ಟರಲ್ಲಿ ಟಿವಿಯಲ್ಲಿ ಗುಂಡು ಹಾರಿ ಜನ ಉರುಳತೊಡಗಿದರು.

ಒಲೆಯ ಮುಂದೆ ಮಿರ್ಚಿ ಕರಿಯುತ್ತಿದ್ದ ಹಾಲೇಶರ ತಾಯಿ ಬಾಣಲೆಯಿಂದ ಕಣ್ಣು ತೆಗೆಯದೆಯೇ ಕೇಳಿದರು:

"ಅಲ್ಲಲೇ ಹಾಲೇಶ, ಅಲ್ಲಿ ಬ್ಯಾರೇರ ಅವ್ವ ನಿಂತಿದ್ರೆ ಗುರಿ ಇಡ್ತಿದ್ಯಾ?"